ಕನ್ನಡಿ ಲೆನ್ಸ್ ಹಿಡಿದು ಬೋನಾಳಕ್ಕೆ

ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೆ ಕ್ಯಾಮೆರಾ ಹಿಡಿದು ಹೊರಡುವವರಿಗೆ ಮೊದಲ ಅಡ್ಡಿ ಟೆಲಿ ಲೆನ್ಸಿನ ಬೆಲೆ. ಹಳೆಯ 500 ಎಂಎಂ ಕನ್ನಡಿ ಲೆನ್ಸ್ ಅದಕ್ಕಿಂತ ಬಹಳ ಅಗ್ಗ. ಆದರೂ ಅದನ್ನು ಕೊಳ್ಳಲು ಹಲವರು ಹಿಂಜರಿಯುತ್ತಾರೆ.

ತಪ್ಪು ಕಲ್ಪನೆ: ಇಷ್ಟು ಗಿಡ್ಡ ಲೆನ್ಸ್ ದೂರದ ಹಕ್ಕಿಯನ್ನು ಹಿಡಿಯಲಾರದು.
ವಾಸ್ತವ: ಒಳಗಿನ ಎರಡು ಕನ್ನಡಿಗಳು ಬೆಳಕಿನ ದಾರಿಯನ್ನು ಮಡಚುತ್ತವೆ. ಹಾಗಾಗಿ ಲೆನ್ಸ್ ಗಿಡ್ಡ, ಹಗುರ. ಫೋಕಲ್ ಲೆಂಗ್ತ್ ಮಾತ್ರ ಪೂರಾ 500.

ತಪ್ಪು ಕಲ್ಪನೆ: ಎಫ್/8ರಲ್ಲಿ ಬೆಳಕು ಸಾಲದು.
ವಾಸ್ತವ: ಅಪರ್ಚರ್ ಬದಲಿಸಲಾಗದು, ನಿಜ. ಮುಂಜಾವಿನ ಮಬ್ಬಿನಲ್ಲಿ ಕಷ್ಟವೇ. ಆದರೆ ನಮ್ಮ ಬಿಸಿಲಿಗೇನು ಬರ? ಚೆನ್ನಾಗಿ ಬೆಳಕಾದ ಮೇಲೆ ಐಎಸ್‌ಒ 400ರ ಆಸುಪಾಸಿನಲ್ಲಿ ಸೆಕೆಂಡಿನ 1/1000 ವೇಗ ಸಿಗುತ್ತದೆ.

ತಪ್ಪು ಕಲ್ಪನೆ: ಹಿನ್ನೆಲೆಯ ಬಳೆಯಾಕಾರದ ಕಲೆಗಳೆಂದರೆ ಲೆನ್ಸ್ ಕೆಟ್ಟಿದೆ.
ವಾಸ್ತವ: ಮುಂದಿನ ಗಾಜಿನ ನಡುಭಾಗವನ್ನು ಚಿಕ್ಕ ಕನ್ನಡಿ ಮುಚ್ಚಿರುತ್ತದೆ. ಅದರಿಂದ ಫೋಕಸ್ ತಪ್ಪಿದ ಪ್ರತಿಯೊಂದು ಹೊಳಪಿನ ಚುಕ್ಕಿ ಉಂಗುರವಾಗುತ್ತದೆ. ಸೂರ್ಯನಿಗೆ ಎದುರಾಗಿ ನಿಂತರೆ ಬೆಳ್ಳಕ್ಕಿಯ ಹಿಂದಿನ ನೀರೆಲ್ಲ ಉಂಗುರವೋ ಉಂಗುರ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡರೆ ಅವು ಬಹಳಷ್ಟು ಕಡಿಮೆ. ಜೊಂಡು ಹಕ್ಕಿಯ ಹಿಂದೆ ಹತ್ತಿರವೇ ಇದ್ದರೆ ಒಂದೊಂದು ಕಡ್ಡಿ ಎರಡೆರಡಾಗಿ ಕಾಣುತ್ತದೆ. ಹಿನ್ನೆಲೆ ದೂರವಿರುವ ಜಾಗ ಆರಿಸಿ.

ತಪ್ಪು ಕಲ್ಪನೆ: ಕೈಯಿಂದ ಫೋಕಸ್ ಮಾಡಿ ಹಕ್ಕಿ ತೆಗೆಯಲಾಗದು.
ವಾಸ್ತವ: ಹಾರುವ ಹಕ್ಕಿ ಕಷ್ಟ. ಮೀನಿಗೆ ಹೊಂಚುಹಾಕಿ ಅಲುಗದೆ ನಿಂತ ಬಕ ಬೇಕಾದಷ್ಟು ಸಮಯ ಕೊಡುತ್ತದೆ. ಪರದೆಯಲ್ಲಿ ಚಿತ್ರ ಹಿಗ್ಗಿಸಿ, ಕಣ್ಣಿಗೆ ಫೋಕಸ್ ಮಾಡಿ.

ತಪ್ಪು ಕಲ್ಪನೆ: ಇದು ದೂರದ ಹಕ್ಕಿಗೆ ಮಾತ್ರ.
ವಾಸ್ತವ: ಕೆಲವು ಕನ್ನಡಿ ಲೆನ್ಸ್‌ಗಳು ಎರಡು ಮೀಟರಿನೊಳಗೂ ಫೋಕಸ್ ಆಗುತ್ತವೆ. ಶಹಾಪುರದ ಗುಡ್ಡದ ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತನ ಹುರುಪೆ ಹುರುಪೆಯನ್ನೂ ಬೆದರಿಸದೆ ಹಿಡಿಯಬಹುದು.

ತಪ್ಪು ಕಲ್ಪನೆ: ಮಧ್ಯಾಹ್ನದ ಚಿತ್ರ ಮಸುಕಾದರೆ ತಪ್ಪು ಲೆನ್ಸಿನದೇ.
ವಾಸ್ತವ: ಕಾದ ನೆಲದ ಮೇಲೆ ಗಾಳಿಯೇ ನಡುಗುತ್ತದೆ. ಲಕ್ಷಗಟ್ಟಲೆ ರೂಪಾಯಿಯ ಲೆನ್ಸಿಗೂ ಅದರಿಂದ ಬಿಡುಗಡೆಯಿಲ್ಲ. ಬಿಸಿಲೇರುವ ಮುನ್ನವೇ ಕೆಲಸ ಮುಗಿಸಿ.

ಲೆನ್ಸ್ ಯಾವುದೇ ಇರಲಿ, ಗೂಡಿನ ಹತ್ತಿರ ಹೋಗಬೇಡಿ. ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ಅದು ಎದ್ದು ಹಾರುವಂತಾದರೆ ಆ ಚಿತ್ರ ನಮಗೆ ಬೇಡ.