ಐವತ್ತು ಜನರ ತುಂಬುಮನೆ: ನಂಬಿಕೆ ಮತ್ತು ದಾಖಲೆ

ಮುತ್ತಜ್ಜನ ಕಾಲದಲ್ಲಿ ಒಂದೇ ಸೂರಿನಡಿ ಐವತ್ತು ಜನ ಉಣ್ಣುತ್ತಿದ್ದರು, ಬೇರೆಯಾಗುವ ಚಾಳಿ ಈಚಿನದು ಎಂಬ ಮಾತನ್ನು ಇನ್ನೆಷ್ಟು ಸಲ ಕೇಳಬೇಕು? ಹೀಗೆನ್ನುವವರು ಸಾಕ್ಷಿಯಾಗಿ ವಂಶಾವಳಿಯನ್ನೇ ಮುಂದಿಡುತ್ತಾರೆ. ವಂಶ ಹೇಳುವ ಹೆಳವರು ಹೇಳಿದ್ದಿರಲಿ, ಜಮೀನಿನ ಖಾತೆಗೆಂದು ಬರೆಸಿದ್ದಿರಲಿ, ಹಾಳೆಯ ತುಂಬ ಹೆಸರುಗಳಿರುತ್ತವೆ. ಅಷ್ಟೂ ಜನ ಒಂದೇ ಪಂಕ್ತಿಯಲ್ಲಿ ಕೂತಿದ್ದರೆಂದು ಭಾವಿಸಿಬಿಡುತ್ತಾರೆ. ಆ ಹಾಳೆಯಿಂದ ತಿಳಿಯುವುದು ಯಾರ ಮಗ ಯಾರು ಎಂಬುದಷ್ಟೇ. ಯಾರು ಯಾವಾಗ ತೀರಿಕೊಂಡರು, ಯಾರು ಯಾವಾಗ ಬೇರೆ ಒಲೆ ಹೂಡಿದರು ಎಂಬುದು ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ನೂರು ವರ್ಷಗಳಲ್ಲಿ ಬಾಳಿ ಹೋದವರನ್ನೆಲ್ಲ ಒಂದೇ ಮನೆಗೆ ಸೇರಿಸಿದರೆ ಯಾವ ಮನೆಯೂ ತುಂಬಿ ತುಳುಕುತ್ತದೆ.

ಜನಗಣತಿ ಹೇಳುವುದೇ ಬೇರೆ. 1901ರಲ್ಲಿ ಭಾರತದ ಒಂದು ಮನೆಗೆ ಸರಾಸರಿ ಐದು ಜನರ ಆಸುಪಾಸು ಇದ್ದರು. ಆ ದಶಕದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಷ್ಯ ಸುಮಾರು 23 ವರ್ಷ. ಹಾಗೆಂದು ಎಲ್ಲರೂ 23ಕ್ಕೇ ಸಾಯುತ್ತಿದ್ದರು ಎನ್ನುವುದೂ ತಪ್ಪು. ಆ ಸರಾಸರಿಯನ್ನು ಅಷ್ಟು ಕೆಳಗಿಳಿಸಿದ್ದು ಮುಖ್ಯವಾಗಿ ಮಕ್ಕಳ ಸಾವು. ಮಕ್ಕಳ ಸಾವಿನ ಜೊತೆಗೆ ಬರವೂ ಇತ್ತು: 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1876–78ರ ಬರದ ನಂತರ, 1881ರ ಗಣತಿಯಲ್ಲಿ, 42 ಲಕ್ಷದಷ್ಟಿತ್ತು. ಮೂರು ತಲೆಮಾರು ಒಟ್ಟಿಗೆ ಬಾಳಲು ಅಜ್ಜ ಬದುಕಿರಬೇಕು, ಮಕ್ಕಳು ಉಳಿದು ಬೆಳೆಯಬೇಕು. ಆ ಭಾಗ್ಯ ಎಷ್ಟೋ ಮನೆಗಳಿಗೆ ಇರಲೇ ಇಲ್ಲ. ಗುಜರಾತಿನ ಒಂದು ಹಳ್ಳಿಯ 1825ರ ದಾಖಲೆಗಳನ್ನು ಶೋಧಿಸಿದ ಸಮಾಜಶಾಸ್ತ್ರಜ್ಞ ಎ. ಎಂ. ಶಾ ಅವರಿಗೂ ಅಲ್ಲಿ ಚಿಕ್ಕ ಮನೆಗಳೇ ಹೆಚ್ಚಾಗಿ ಕಂಡವು.

ಒಲೆ ಬೇರೆಯಾದರೂ ಆಸ್ತಿ ಒಟ್ಟಿಗಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಸ್ತಿ, ದೇವರ ಕಾರ್ಯ, ಸೂತಕ ಇವುಗಳಲ್ಲಿ ದಾಯಾದಿಗಳು ಒಂದಾಗಿದ್ದರು. ಆದರೆ ನಾವು ಕೇಳುತ್ತಿರುವುದು ಒಟ್ಟಿಗೆ ಉಂಡವರು ಯಾರು ಎಂದು. ಜಮೀನು, ಅಧಿಕಾರವಿದ್ದ ಕೆಲವು ಮನೆತನಗಳು ನಿಜಕ್ಕೂ ದೊಡ್ಡವಾಗಿದ್ದವು. ಕೂಲಿಯವರ ಗುಡಿಸಲಿಗೆ ಆ ಚಿತ್ರವನ್ನು ಹೊಂದಿಸುವುದು ಅನ್ಯಾಯ. ಅಪ್ಪ ಇರುವತನಕ ಕೂಡಿದ್ದ ಅಣ್ಣತಮ್ಮಂದಿರು ಆತನ ನಂತರ ಹಿಸ್ಸೆಯಾಗುವುದು ಹಳೆಯ ರೂಢಿ. ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರ ದಾಯವಿಭಾಗವನ್ನು ಅಷ್ಟು ವಿಸ್ತಾರವಾಗಿ ಚರ್ಚಿಸಿದ್ದು ಪಾಲಿನ ವ್ಯಾಜ್ಯಗಳು ಆಗಲೂ ಇದ್ದವೆಂಬುದಕ್ಕೆ ಸಾಕ್ಷಿ. ಒಂಬೈನೂರು ವರ್ಷಗಳ ಹಿಂದಿನ ಜಗಳವನ್ನು ಇಂದಿನ ಸೊಸೆಯಂದಿರ ತಲೆಗೆ ಕಟ್ಟುವುದು ಯಾವ ನ್ಯಾಯ? ಇನ್ನು ತುಂಬುಮನೆಯ ಮಾತಿಗೆ ಬಂದರೆ, ಧಾರವಾಡ ಜಿಲ್ಲೆಯ ಲೋಕೂರಿನ ನೂರಕ್ಕೂ ಹೆಚ್ಚು ಜನರ ಕುಟುಂಬ ಸುದ್ದಿಯಾದದ್ದೂ ಅದು ಅಪರೂಪವೆಂಬ ಕಾರಣಕ್ಕೇ.

ವಂಶಾವಳಿ ಓದುವಾಗ ಇನ್ನೆರಡು ಎಚ್ಚರ ಬೇಕು. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬ ಅಡ್ಡಹೆಸರು ಒಂದಾದ ಮಾತ್ರಕ್ಕೆ ಮೂಲವೂ ಒಂದಾಗದು. ಅವು ಅಧಿಕಾರದ ಹೆಸರುಗಳು. ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲವೆಂದರೆ ಅವರು ಹುಟ್ಟಲಿಲ್ಲವೆಂದಲ್ಲ, ಬರೆಯಲಿಲ್ಲವೆಂದು.

ಹಿರಿಯರ ಬಗ್ಗೆ ಕೇಳಿದ್ದನ್ನೆಲ್ಲ ನಂಬುವುದು ಅವರಿಗೆ ತೋರುವ ಗೌರವವಲ್ಲ. ಅವರು ಹೂತ ಮಕ್ಕಳು, ಗಂಡ ಸತ್ತ ಮೇಲೆ ಒಬ್ಬರೇ ಮಕ್ಕಳನ್ನು ಸಾಕಿದ ತಾಯಂದಿರು, ಬರದಲ್ಲಿ ಬಿಟ್ಟ ಊರು, ಎಲ್ಲವೂ ಈ ತುಂಬುಮನೆಯ ಕಥೆಯಲ್ಲಿ ಮರೆಯಾಗುತ್ತವೆ. ವಂಶಾವಳಿ ಕೈಗೆ ಬಂದಾಗ ಪಾಲುಪಟ್ಟಿ, ಹಳೆಯ ಪಹಣಿ, ಜನನ-ಮರಣ ನೋಂದಣಿಗಳನ್ನು ಪಕ್ಕದಲ್ಲಿಟ್ಟು ಓದಿ. ಪ್ರತಿ ಹೆಸರಿನ ಕೆಳಗೆ ಹುಟ್ಟು, ಸಾವು, ಹಿಸ್ಸೆಯಾದ ವರ್ಷ ಬರೆಯಿರಿ. ಆಮೇಲೆ ಮನೆಯಲ್ಲಿ ಎಷ್ಟು ಜನರಿದ್ದರೆಂದು ಹೇಳಿ.