ಟ್ರೆಬೆವಿಚ್ ಬೆಟ್ಟದ ಸಿಮೆಂಟ್ ಹಾದಿಯಲ್ಲಿ ಸೈಕಲ್ ಸವಾರಿ

ಎರಡು ಮಳೆಗಾಲ ಕತ್ತಿ ಆಡಿಸದೆ ಬಿಟ್ಟರೆ ತೋಟ ಏನಾಗುತ್ತದೆಂಬುದನ್ನು ನಮ್ಮ ಬೆಳೆಗಾರ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆ ಕೈಬಿಟ್ಟ ಒಂದು ಜಗತ್ಪ್ರಸಿದ್ಧ ಕ್ರೀಡಾಸ್ಥಳ ಯೂರೋಪಿನ ಬೋಸ್ನಿಯಾ ದೇಶದಲ್ಲಿದೆ. ಇಂದು ಅದು ಕಾಡಿನ ನಡುವಿನ ಸೈಕಲ್ ಹಾದಿ.

ಬೋಸ್ನಿಯಾದ ರಾಜಧಾನಿ ಸರಾಯೆವೊ. ಅದು ಯುಗೋಸ್ಲಾವಿಯಕ್ಕೆ ಸೇರಿದ್ದ ಕಾಲದಲ್ಲಿ, 1984ರ ಫೆಬ್ರವರಿಯಲ್ಲಿ, ಅಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಊರಿಗೆ ತಾಗಿಕೊಂಡಿರುವ ಟ್ರೆಬೆವಿಚ್ ಬೆಟ್ಟದಲ್ಲಿ ಸುಮಾರು 1,300 ಮೀಟರ್ ಉದ್ದದ, 13 ತಿರುವುಗಳ ಕಾಂಕ್ರೀಟ್ ಕಾಲುವೆಯೊಂದನ್ನು ಕಟ್ಟಿದರು. ಅದರಲ್ಲಿ ಮಂಜುಗಡ್ಡೆ ಕಟ್ಟಿಸಿ 'ಬಾಬ್‌ಸ್ಲೆಡ್' ಎಂಬ ಜಾರುಬಂಡಿಯ ಪಂದ್ಯ ನಡೆಸಿದರು. ಇಬ್ಬರ ಮತ್ತು ನಾಲ್ವರ ಪಂದ್ಯಗಳೆರಡರಲ್ಲೂ ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ಹೊಪ್ಪೆಯವರ ತಂಡಕ್ಕೇ ಚಿನ್ನ ದೊರೆಯಿತು.

ಎಂಟೇ ವರ್ಷಗಳಲ್ಲಿ ಎಲ್ಲವೂ ತಲೆಕೆಳಗಾಯಿತು. 1992ರಿಂದ 1996ರವರೆಗೆ ಸರಾಯೆವೊ ಮುತ್ತಿಗೆಯಲ್ಲಿ ನರಳಿತು. ಬೆಟ್ಟ ಹಿಡಿದ ಸರ್ಬ್ ಪಡೆಗಳು ಅಲ್ಲಿಂದಲೇ ಊರಿನ ಮೇಲೆ ಗುಂಡಿನ ಮಳೆಗರೆದವು. ಆಟದ ಕಾಲುವೆ ಸೈನಿಕರ ಮರೆಯಾಯಿತು. ಅದರ ಗೋಡೆಯಲ್ಲಿ ಅಂದು ಕೊರೆದ ತೂತುಗಳು ಇನ್ನೂ ಇವೆ. ಸುತ್ತಲ ಕಾಡಿನಲ್ಲಿ ನೆಲಬಾಂಬು ಹೂತರು. 1959ರಲ್ಲಿ ಆರಂಭವಾಗಿದ್ದ ಕೇಬಲ್ ಕಾರೂ ಹಾಳಾಯಿತು. ಯುದ್ಧ ಮುಗಿದ ಮೇಲೂ ಬಹುಕಾಲ ಜನ ಬೆಟ್ಟ ಹತ್ತಲು ಅಂಜಿದರು. ಅಷ್ಟರಲ್ಲಿ ಕಾಡು ತನ್ನ ಕೆಲಸ ಮಾಡಿತ್ತು.

ಕೇಬಲ್ ಕಾರು 2018ರ ಏಪ್ರಿಲ್‌ನಲ್ಲಿ ಮತ್ತೆ ಓಡತೊಡಗಿತು. ಅದರ ಮೇಲಿನ ನಿಲ್ದಾಣದಿಂದ ಕಾಲುವೆಯ ತಲೆಗೆ ಹೆಚ್ಚು ದೂರವಿಲ್ಲ. ಅಲ್ಲಿಂದ ಸವಾರಿ ಸುಲಭ. ನೂರು ಮೀಟರಿಗೆ ಸುಮಾರು ಹತ್ತು ಮೀಟರಿನಷ್ಟು ಇಳಿಜಾರು. ತುಳಿಯುವ ಕೆಲಸವಿಲ್ಲ, ಬ್ರೇಕ್ ಮೇಲೆ ಕೈಯಿದ್ದರೆ ಸಾಕು. ಎರಡೂ ಬದಿಗೆ ಸೂಚಿಪರ್ಣಿ ಮರಗಳು, ಗೋಡೆಯ ತುಂಬ ಬಣ್ಣದ ಚಿತ್ರಗಳು. ತಿರುವುಗಳಲ್ಲಿ ಗೋಡೆ ಆಳಿಗಿಂತ ಎತ್ತರಕ್ಕೆ ಬಾಗಿ ನಿಲ್ಲುತ್ತದೆ. ನೆರಳಿನಲ್ಲಿ ಪಾಚಿ, ಒದ್ದೆ ತರಗೆಲೆ. ಮಳೆಗಾಲದ ಅಂಗಳದಲ್ಲಿ ಜಾರಿಬಿದ್ದವರಿಗೆ ಇದರ ಅರ್ಥವಾಗುತ್ತದೆ. ಸ್ಥಳೀಯ ಕ್ರೀಡಾಪಟುಗಳು ಕಾಲುವೆಯನ್ನು ತಾವೇ ಗುಡಿಸಿ, ದುರಸ್ತಿ ಮಾಡಿ, ಬೇಸಿಗೆಯಲ್ಲಿ ಗಾಲಿ ಹಾಕಿದ ಜಾರುಬಂಡಿಯ ಅಭ್ಯಾಸ ನಡೆಸುತ್ತಾರೆ. ಅವರ ಪೊರಕೆ ಇಲ್ಲದಿದ್ದರೆ ಸೈಕಲ್ಲಿಗೂ ಹಾದಿಯಿರುತ್ತಿರಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಉಂಟು. ಬೆಟ್ಟದಲ್ಲಿ ಬಾಂಬು ತೆಗೆಯುವ ಕೆಲಸ ಎಷ್ಟೋ ನಡೆದಿದ್ದರೂ, ಗುರುತಿನ ಹಾದಿ ಬಿಟ್ಟು ಕಾಡಿಗೆ ಕಾಲಿಡಬಾರದೆಂಬುದು ಅಲ್ಲಿನ ಬುದ್ಧಿವಾದ. ಊರಿಗೆ ಇಳಿದರೆ ತಾಮ್ರದ ಪುಟ್ಟ ಪಾತ್ರೆಯಲ್ಲಿ, ಸಕ್ಕರೆ ಅಚ್ಚಿನೊಡನೆ ಕಾಫಿ ಸಿಗುತ್ತದೆ. ಸೋಸದ ಗಟ್ಟಿ ಕಾಫಿ. ಅವಸರದಲ್ಲಿ ಕುಡಿಯುವುದು ಅಲ್ಲಿನ ರೂಢಿಯಲ್ಲ.

ಈಗ ನಮ್ಮ ಕಡೆಯೂ ತೋಟದ ಮಗ್ಗುಲಲ್ಲಿ ಪ್ರವಾಸಿಗರಿಗಾಗಿ ಏನಾದರೊಂದು ಕಟ್ಟುವ ಉತ್ಸಾಹ ಕಾಣುತ್ತಿದೆ. ಆದಾಯ ಬರುವುದಾದರೆ ಸಂತೋಷವೇ. ಆದರೆ ಟ್ರೆಬೆವಿಚ್‌ನಲ್ಲಿ ಪಂದ್ಯ ನಡೆದದ್ದು ಕೆಲವೇ ವರ್ಷ, ಕಾಂಕ್ರೀಟು ನಾಲ್ಕು ದಶಕ ದಾಟಿಯೂ ಹಾಗೇ ಬಿದ್ದಿದೆ. ಕಾಡು ಅದನ್ನು ಮುಚ್ಚಬಲ್ಲದು, ಕರಗಿಸಲಾರದು. ಆದ್ದರಿಂದ ನೆರಳಿನ ಮರ ಕಡಿದು ಅಡಿಪಾಯ ತೋಡುವ ಮೊದಲು, ಜನ ಬರುವುದು ನಿಂತ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಆ ಖರ್ಚು ಯಾರ ಲೆಕ್ಕಕ್ಕೆ ಎಂಬುದನ್ನು ಸದಸ್ಯರು ಮನೆಮಂದಿಯೊಡನೆ ಕುಳಿತು ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.