ಲಗ್ನಕ್ಕೆ ಮುಂಚೆ ಬರೆಯುವ ಯಾದಿ



ಪಾಸ್ಕ ಹಬ್ಬ ಕಳೆಯಿತೆಂದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಲಗ್ನಗಳ ಸುಗ್ಗಿ. ಹುಡುಗ-ಹುಡುಗಿ ಒಪ್ಪಿದ ಮೇಲೆ ಹಿರಿಯರು ಕೂತು ಯಾದಿ ಬರೆಯುತ್ತಾರೆ. ಬಂಗಾರ ಎಷ್ಟು ತೊಲ, ಬಟ್ಟೆಬರೆ ಯಾರದು, ಊಟದ ಖರ್ಚು ಯಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಹೈದರಾಬಾದು, ಬೆಂಗಳೂರುಗಳಲ್ಲಿ ನೌಕರಿಗಿರುವ ನಮ್ಮ ಯುವಜನರು ಈಗ ಇನ್ನೊಂದು ಕಾಗದದ ಬಗ್ಗೆ ಕೇಳುತ್ತಾರೆ. ಆಸ್ತಿ, ಸಾಲ, ಜೀವನಾಂಶಗಳ ಬಗ್ಗೆ ಮದುವೆಗೆ ಮುಂಚೆಯೇ ಒಪ್ಪಂದ ಬರೆದುಕೊಳ್ಳಬಹುದೇ? ಕ್ರೈಸ್ತರಾದ ನಾವು ಹಾಗೆ ಮಾಡಬಹುದೇ?

ಕೇಳುವುದು ತಪ್ಪಲ್ಲ. ತೊಬೀತನ ಗ್ರಂಥದಲ್ಲಿ ರಗುವೇಲನು ಮಗಳು ಸಾರಳನ್ನು ತೊಬಿಯನಿಗೆ ಒಪ್ಪಿಸಿದಾಗ, ಬರೆಯುವ ಹಾಳೆ ತರಿಸಿ ಮದುವೆಯ ಕರಾರು ಬರೆದ. ಊಟಕ್ಕೆ ಕೂತದ್ದು ಆಮೇಲೆ. ಬರಹ ನಂಬಿಕೆಗೆ ವೈರಿಯಲ್ಲ. ಏನನ್ನು ಬರೆಯುತ್ತೇವೆ ಎಂಬುದೇ ಪ್ರಶ್ನೆ.

ಮೊದಲು ನಾಡಿನ ಕಾನೂನು ನೋಡೋಣ. ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಹಿಂದೂ ದಂಪತಿಗಳ ಒಂದು ಮೊಕದ್ದಮೆಯಲ್ಲಿ, ಗಂಡ ಸದಾ ಅತ್ತೆಯ ಮನೆಯಲ್ಲೇ ಇದ್ದು ಆಕೆಯ ಮಾತಿನಂತೆ ನಡೆಯಬೇಕೆಂದು ಮದುವೆಗೆ ಮುಂಚೆ ಒಪ್ಪಂದವಾಗಿತ್ತು. 1901ರಲ್ಲಿ ಕಲ್ಕತ್ತಾ ಹೈಕೋರ್ಟು ಅದನ್ನು ಮಾನ್ಯ ಮಾಡಲಿಲ್ಲ. ಮನೆಯಳಿಯನನ್ನು ತರುವ ನಮ್ಮ ಕಡೆಯವರು ಇದನ್ನು ನೆನಪಿಡಬೇಕು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯ 40ನೇ ಕಲಮು ಮದುವೆ-ಪೂರ್ವದ ಆಸ್ತಿ ಏರ್ಪಾಡುಗಳನ್ನು ಹೆಸರಿಸುತ್ತದೆ. ಆದರೆ ಬರೆದಂತೆಯೇ ನಡೆಸಬೇಕೆಂಬ ಕಟ್ಟು ನ್ಯಾಯಾಲಯಕ್ಕಿಲ್ಲ. ತೀರ್ಪು ಕೊಡುವ ಮುಂಚೆ ಅದನ್ನು ವಿಚಾರಿಸಿ ತಕ್ಕ ಆದೇಶ ಕೊಡಬಹುದು. ಮಕ್ಕಳಿಗೆ ನಷ್ಟ ಮಾಡಿ ತಂದೆ-ತಾಯಿಗೆ ಲಾಭ ಮಾಡುವಂತಿಲ್ಲ.

ಗೋವಾದ ರೀತಿ ಬೇರೆ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ ಮದುವೆಗೆ ಮುಂಚೆ ಅಧಿಕೃತ ಪತ್ರದ ಮೂಲಕ ಆಸ್ತಿಯ ಒಪ್ಪಂದ ಮಾಡಿಕೊಳ್ಳಬಹುದು. ಮಾಡದಿದ್ದರೆ ಸಾಮಾನ್ಯವಾಗಿ ಇಬ್ಬರ ಆಸ್ತಿಯೂ ಒಂದಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಬ್ಬರೂ ಕ್ರೈಸ್ತರಾಗಿದ್ದರೆ, ಮದುವೆಯಾದ ಮಾತ್ರಕ್ಕೆ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಹಕ್ಕು ಹುಟ್ಟುವುದಿಲ್ಲ ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಆಕೆಯ ಹೊಲ ಆಕೆಯದೇ, ಆತನ ಮನೆ ಆತನದೇ. ಅಷ್ಟಕ್ಕಾಗಿ ಬೇರೆ ಒಪ್ಪಂದ ಬೇಕಿಲ್ಲ.

ಇದೇ ಕಾಯ್ದೆಯಲ್ಲಿ ನಾವೆಲ್ಲ ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಉಯಿಲು ಬರೆಯದೆ ಗಂಡ ತೀರಿಕೊಂಡು ಮಕ್ಕಳಿದ್ದರೆ, ಆಸ್ತಿಯ ಮೂರನೇ ಒಂದು ಪಾಲು ವಿಧವೆಗೆ. ಉಳಿದದ್ದು ಗಂಡು, ಹೆಣ್ಣು ಮಕ್ಕಳಿಗೆ ಸಮನಾಗಿ. ಆದರೆ 32ನೇ ಕಲಮಿಗೆ ಒಂದು ವಿವರಣೆ ಅಂಟಿಕೊಂಡಿತ್ತು: ಮದುವೆಗೆ ಮುಂಚೆ ಕ್ರಮಬದ್ಧ ಕರಾರಿನಿಂದ ಆಕೆಯನ್ನು ಪಾಲಿನಿಂದ ಹೊರಗಿಟ್ಟಿದ್ದರೆ ಆಕೆಗೆ ಏನೂ ಇಲ್ಲ. ಮದುವೆಯ ಸಂಭ್ರಮದಲ್ಲಿ, ಹಿರಿಯರ ಮುಂದೆ ತಲೆ ತಗ್ಗಿಸಿ ಹಾಕಿದ ಒಂದು ಸಹಿ, ಮುಂದೆ ಮಕ್ಕಳನ್ನು ಕಟ್ಟಿಕೊಂಡು ಒಬ್ಬಂಟಿಯಾದ ಹೆಂಗಸಿನ ಅನ್ನವನ್ನೇ ಕಸಿಯಬಹುದಿತ್ತು. 2002ರ ತಿದ್ದುಪಡಿಯಲ್ಲಿ ಸಂಸತ್ತು ಆ ವಿವರಣೆಯನ್ನು ತೆಗೆದುಹಾಕಿತು. ಆದರೂ ಪಾಠ ಉಳಿದಿದೆ: ಇಬ್ಬರಲ್ಲಿ ಬಲಹೀನರು ಯಾರೋ ಅವರೇ ಇಂಥ ಕಾಗದದಲ್ಲಿ ಹೆಚ್ಚು ಕಳೆದುಕೊಳ್ಳುತ್ತಾರೆ.

ಇನ್ನು ಧರ್ಮಸಭೆಯ ಮಾತು. 1983ರ ಧರ್ಮಸಭಾ ಕಾನೂನು ಸಂಹಿತೆಯ 1102ನೇ ನಿಯಮದಂತೆ, ಮುಂದೆ ಆಗುವ ಸಂಗತಿಯ ಮೇಲೆ ಷರತ್ತು ಹಾಕಿ ಕೊಟ್ಟ ಒಪ್ಪಿಗೆಯಿಂದ ಮದುವೆ ಸಿಂಧುವಾಗುವುದಿಲ್ಲ. ಸರಿಹೋಗದಿದ್ದರೆ ಬಿಟ್ಟುಬಿಡುವೆನೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೇ ಪೀಠದ ಮುಂದೆ ನಿಂತರೆ, 1101ನೇ ನಿಯಮ ಅಡ್ಡ ಬರುತ್ತದೆ. ಬಾಳಿನ ಕೊನೆತನಕ ಎಂಬ ಒಪ್ಪಿಗೆಗೆ ಹಿಂಬಾಗಿಲು ಇರಲಾರದು. ಆದರೆ ಮೊದಲ ಹೆಂಡತಿಯನ್ನು ಕಳೆದುಕೊಂಡವರು ಮರುಮದುವೆಯಾಗುವಾಗ ಮೊದಲಿನ ಮಕ್ಕಳ ಪಾಲನ್ನು ಬರೆದಿಡುವುದು ಹಿಂಬಾಗಿಲಲ್ಲ, ಹೊಣೆ. ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಿಂದ ರದ್ದಾಗುತ್ತದೆ; ಆದ್ದರಿಂದ ಆಮೇಲೆ ಮತ್ತೆ ಬರೆಯಬೇಕು.

ಹಾಗಾದರೆ ನಾವು ಏನು ಬರೆಯೋಣ? ವರದಕ್ಷಿಣೆಯ ಯಾದಿ ಬೇಡ. 1961ರ ಕಾಯ್ದೆಯಂತೆ ಆ ಒಪ್ಪಂದ ಶೂನ್ಯ. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಬೇಡಿಕೆಯಿಲ್ಲದೆ ಬಂದ ಕಾಣಿಕೆಗಳ ಪಟ್ಟಿ ಮಾತ್ರ ಬೇಕೇ ಬೇಕು. 1985ರ ನಿಯಮಗಳಂತೆ ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ ಬರೆದು ವಧು-ವರರಿಬ್ಬರೂ ಸಹಿ ಮಾಡಬೇಕು. ವಧುವಿನ ಪಟ್ಟಿ ವಧುವಿನ ಹತ್ತಿರವೇ ಇರಬೇಕು. ಮದುವೆಯಾಗಿ ವರ್ಷ ತುಂಬುವ ಮುಂಚೆ ಹುಡುಗಿಯ ಬಂಗಾರ ಅಡವಿಗೆ ಹೋದ ಕಥೆ ನಾವು ಕೇಳದ್ದೇನಲ್ಲ. ಆಗ ಆ ಒಂದು ಹಾಳೆಯೇ ಆಕೆಯ ಸಾಕ್ಷಿ.

ಅದರ ಜೊತೆಗೆ ಇಬ್ಬರೂ ಕೂತು ಇನ್ನೊಂದು ಹಾಳೆ ಬರೆಯಲಿ. ಸಂಬಳ ಎಷ್ಟು, ಸಾಲ ಎಷ್ಟು, ಯಾರಿಗೆ ಜಾಮೀನು ನಿಂತಿದ್ದೇವೆ, ಮುದಿ ತಂದೆ-ತಾಯಿಗೆ ತಿಂಗಳಿಗೆ ಎಷ್ಟು ಕಳಿಸಬೇಕು, ತೊಗರಿ ಬೆಳೆ ಕೈಕೊಟ್ಟ ವರ್ಷ ಮನೆ ಹೇಗೆ ನಡೆಯಬೇಕು, ಮದುವೆಯ ಸಾಲ ಯಾರು ತೀರಿಸಬೇಕು. “ಇದೆಲ್ಲಾ ಯಾಕ ಕೇಳ್ತೀರಿ ಕಾಕಾ, ನಂಬಿಕಿ ಇಲ್ಲೇನು?” ಎಂದು ಹುಡುಗ ಕೇಳಿದರೆ ಹೇಳೋಣ: “ನಂಬಿಕಿ ಅದ, ಅದಕ್ಕs ಕೇಳ್ತೀವಪ್ಪಾ.” ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭುವೇ ಕಲಿಸಿದ್ದಾರಲ್ಲವೇ?

ಈ ಹಾಳೆ ಅಗಲಿಕೆಯ ತಯಾರಿಯಲ್ಲ, ಕೂಡಿ ಬಾಳುವ ತಯಾರಿ. ಮುದ್ರಾಂಕದ ಕಾಗದಕ್ಕೆ ಸಹಿ ಹಾಕೆಂದು ಯಾರಾದರೂ ಒತ್ತಾಯಿಸಿದರೆ, ಒಬ್ಬ ವಕೀಲರಿಗೂ ನಿಮ್ಮ ಗುರುಗಳಿಗೂ ತೋರಿಸದೆ ಸಹಿ ಹಾಕಬೇಡಿ. ಹೆಣ್ಣುಮಕ್ಕಳ ತಂದೆ-ತಾಯಂದಿರೇ, ಈ ಸಲ ಯಾದಿಗೆ ಕೂತಾಗ ಮಗಳನ್ನು ಒಳಗಿನ ಕೋಣೆಯಲ್ಲಿ ಇರಿಸಬೇಡಿ. ಪಕ್ಕದಲ್ಲಿ ಕೂಡಿಸಿಕೊಂಡು, ಆಕೆ ಓದಿದ ಮೇಲೆಯೇ ಪೆನ್ನು ಕೊಡಿ.